ಒಂದು ಗಿಟಾರ್ ಮಾರಿ ರೆಕಾರ್ಡಿಂಗ್ ಸಲಕರಣೆ ಕೊಳ್ಳುವುದು ಸರಿಯೇ?

ಅನುಮಂದ್ರ:

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಮೂರು ಗಿಟಾರ್‌ಗಳಿವೆ. ಒಂದು ಸ್ಟೀಲ್ ತಂತಿಯ ಅಕೌಸ್ಟಿಕ್, ಇನ್ನೊಂದು ಮೂರು ಸಿಂಗಲ್ ಕಾಯಿಲ್ (ಒಂಟಿ ಸುರುಳಿಯ) ಪಿಕಪ್‌ಗಳಿರುವ, ಅಂದರೆ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗಗಳಿರುವ, ಸ್ಟ್ರ್ಯಾಟೊಕಾಸ್ಟರ್ ಮಾದರಿಯ ಎಲೆಕ್ಟ್ರಿಕ್, ಮತ್ತೊಂದು ಎರಡು ಹಂಬಕರ್‌ಗಳಿರುವ (ಜೋಡಿ ಸುರುಳಿಯ ಪಿಕಪ್), ಗಿಬ್ಸನ್ ಕಂಪನಿಯ ಇಎಸ್-335 ವಿನ್ಯಾಸವನ್ನು ಅನುಸರಿಸಿ ಮಾಡಿದ ಸೆಮಿ-ಹಾಲೋ (ಒಡಲು ಅರೆಟೊಳ್ಳಾದ) ಎಲೆಕ್ಟ್ರಿಕ್. ಮೊದಲಿನ ಎರಡನ್ನು ಹೆಚ್ಚುಕಡಿಮೆ ದಿನವೂ ಕೈಗೆತ್ತಿಕೊಳ್ಳುತ್ತೇನೆ. ಮೂರನೆಯದು ವರ್ಷದ ಬಹುಪಾಲು ಕೇಸಿನೊಳಗೇ ಇರುತ್ತದೆ. ಅದು ಕೆಟ್ಟ ವಾದ್ಯವೆಂದಲ್ಲ. ಮೂರರಲ್ಲಿ ಹೆಚ್ಚು ಬೆಲೆ ಬಾಳುವುದು ಅದೇ, ನೋಡಲು ಚೆಂದವಿರುವುದೂ ಅದೇ. ಆದರೆ ನಾನು ಈಗ ಮಾಡುತ್ತಿರುವ ಸಂಗೀತಕ್ಕೆ ಅದು ಒದಗಿ ಬರುತ್ತಿಲ್ಲ.

ಇತ್ತ ಕೆಲವು ಹಾಡುಗಳನ್ನು ಬರೆದು, ರಾಗ ಹಾಕಿ ಇಟ್ಟುಕೊಂಡಿದ್ದೇನೆ. ಸದ್ಯಕ್ಕೆ ಅವುಗಳನ್ನು ಮುದ್ರಿಸಿಕೊಳ್ಳಲು ಮೊಬೈಲನ್ನೇ ಬಳಸುತ್ತಿದ್ದೇನೆ. ಅದು ಜೋರಾಗಿ ನುಡಿಸಿದ್ದನ್ನು ತಾನೇ ತಗ್ಗಿಸುತ್ತದೆ, ಮೆಲ್ಲಗೆ ನುಡಿಸಿದ್ದನ್ನು ತಾನೇ ಏರಿಸುತ್ತದೆ. ಹೀಗಾಗಿ ಹಾಡಿನ ಏರಿಳಿತವೆಲ್ಲ ಮಟ್ಟಸವಾಗಿಬಿಡುತ್ತದೆ. ಮೊದಲು ಗಿಟಾರ್, ಅದರ ಮೇಲೆ ದನಿ, ಅದರ ಮೇಲೆ ಇನ್ನೊಂದು ಗಿಟಾರ್ ಎಂದು ಪದರ ಪದರವಾಗಿ ಸೇರಿಸುವ ಅನುಕೂಲವೂ ಇಲ್ಲ. ನಾನು ಮಾಡಿಕೊಂಡಿರುವ ಪಟ್ಟಿಯಲ್ಲಿ ಒಂದು ಆಡಿಯೊ ಇಂಟರ್‌ಫೇಸ್ (ಮೈಕ್, ಗಿಟಾರ್‌ಗಳ ದನಿಯನ್ನು ಕಂಪ್ಯೂಟರಿಗೆ ಕೊಡುವ ಪೆಟ್ಟಿಗೆ), ಒಂದು ಕಂಡೆನ್ಸರ್ ಮೈಕ್, ಒಂದು ಜೊತೆ ಸ್ಟುಡಿಯೊ ಮಾನಿಟರ್ ಸ್ಪೀಕರ್ ಮತ್ತು ಒಂದು ಮಿಡಿ ಕೀಬೋರ್ಡ್ (ಕಂಪ್ಯೂಟರಿಗೆ ಸ್ವರಗಳ ಸೂಚನೆ ಕಳಿಸುವ ಕೀಬೋರ್ಡ್) ಇವೆ. ಸೆಮಿ-ಹಾಲೋ ಮಾರಿದರೆ ಇಷ್ಟೂ ಒಂದೇ ಸಲಕ್ಕೆ ಬರುತ್ತವೆ. ಮಾರದೆ, ಉಳಿತಾಯದಿಂದ ಒಂದೊಂದಾಗಿ ಕೊಳ್ಳಲು ಹೊರಟರೆ ಬಹಳ ಕಾಲ ಹಿಡಿಯುತ್ತದೆ. ಈ ಹಾದಿಯಲ್ಲಿ ಮೊದಲೇ ನಡೆದವರು ಏನು ಹೇಳುತ್ತೀರಿ?

ಬಿಡಿತಂತಿ:

ಮಾರಬೇಡಿ ಎನ್ನುವ ಪಕ್ಷ ನನ್ನದು, ಮತ್ತು ಅದಕ್ಕೆ ಕಾರಣ ಮಮಕಾರವಲ್ಲ. ಚೆನ್ನಾಗಿ ಕಟ್ಟಿದ ಗಿಟಾರ್ ಮೂವತ್ತು ವರ್ಷ ಕಳೆದರೂ ಗಿಟಾರ್ ಆಗಿಯೇ ಉಳಿಯುತ್ತದೆ. ಫ್ರೆಟ್ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿ) ಸವೆದರೆ ಹೊಸದು ಹಾಕಿಸಬಹುದು, ಸ್ವಿಚ್ ಕೆಟ್ಟರೆ ಬದಲಾಯಿಸಬಹುದು. ಕಂಪ್ಯೂಟರಿಗೆ ಜೋಡಿಸುವ ಸಲಕರಣೆಗೆ ಆ ಭಾಗ್ಯವಿಲ್ಲ. ಒಂದು ಕಾಲದಲ್ಲಿ ಒಳ್ಳೆಯ ಇಂಟರ್‌ಫೇಸ್ ಎಂದರೆ ಫೈರ್‌ವೈರ್ ಎಂಬ ಪೋರ್ಟಿಗೆ ಜೋಡಿಸುವ ಇಂಟರ್‌ಫೇಸ್ ಎಂದೇ ಜನ ಭಾವಿಸಿದ್ದರು. ಈಗಿನ ಕಂಪ್ಯೂಟರುಗಳಲ್ಲಿ ಆ ಪೋರ್ಟೇ ಇಲ್ಲ. ಒಳಗಿನ ಪ್ರಿಆಂಪ್‌ಗಳು (ಮೈಕಿನ ಕ್ಷೀಣ ಸಂಕೇತವನ್ನು ಏರಿಸುವ ಭಾಗಗಳು) ಇನ್ನೂ ಗಟ್ಟಿಮುಟ್ಟಾಗಿದ್ದರೂ ಜೋಡಿಸುವ ದಾರಿಯಿಲ್ಲದೆ, ಡ್ರೈವರ್ ಸಿಗದೆ ಆ ಪೆಟ್ಟಿಗೆಗಳು ಮೂಲೆಗುಂಪಾಗಿವೆ. ಬಾಳಿಕೆ ಬರುವುದನ್ನು ಕೊಟ್ಟು ಬಾಳಿಕೆ ಬಾರದ್ದನ್ನು ಕೊಳ್ಳುವ ಈ ವ್ಯವಹಾರದಲ್ಲಿ ನಷ್ಟ ಒಂದೇ ಕಡೆಗೆ ಎಂಬುದನ್ನು ಮರೆಯಬೇಡಿ.

ಕಾಪೋ ಮೂರು:

ಇಂಟರ್‌ಫೇಸಿನ ಮಟ್ಟಿಗೆ ಬಿಡಿತಂತಿಯವರ ಮಾತು ಸರಿ, ಆದರೆ ಎಲ್ಲ ಸಲಕರಣೆಗಳನ್ನೂ ಆ ಒಂದೇ ಸಾಲಿಗೆ ಸೇರಿಸಲಾಗದು. ಶೂರ್ ಎಸ್‌ಎಂ57 ಮೈಕ್ ಬಂದದ್ದು 1965ರಲ್ಲಿ, ಎಸ್‌ಎಂ58 ಬಂದದ್ದು 1966ರಲ್ಲಿ; ಎರಡೂ ಇಂದಿಗೂ ತಯಾರಾಗುತ್ತಿವೆ, ಎರಡನ್ನೂ ಇಂದಿನ ಯಾವ ಇಂಟರ್‌ಫೇಸಿಗಾದರೂ ಜೋಡಿಸಬಹುದು. ಮಿಡಿ ಎಂಬ ಒಡಂಬಡಿಕೆ 1983ರದ್ದು. ಆ ಕಾಲದ ಕೀಬೋರ್ಡುಗಳು ಇಂದಿಗೂ ಕೆಲಸಕ್ಕೆ ಬರುತ್ತವೆ. ಬೇಗ ಹಳತಾಗುವುದು ಕಂಪ್ಯೂಟರಿನ ಮರ್ಜಿಯಲ್ಲಿ ಬದುಕುವ ಭಾಗ ಮಾತ್ರ. ಆದ್ದರಿಂದ ಆ ಭಾಗಕ್ಕೆ ಕಡಿಮೆ ಹಣ, ಮೈಕಿಗೆ ಮತ್ತು ಹೆಡ್‌ಫೋನಿಗೆ ಹೆಚ್ಚು ಹಣ ಎಂದು ಪಾಲು ಮಾಡಿಕೊಂಡರೆ ನಷ್ಟದ ಮಾತು ಅಷ್ಟಾಗಿ ನಿಲ್ಲುವುದಿಲ್ಲ.

ಗಿಟಾರ್ ಮಾರುವುದೇ ಅಪಚಾರ ಎಂಬಂತೆ ನಮ್ಮವರು ಮಾತಾಡುವುದು ನನಗೆ ಒಗ್ಗುವುದಿಲ್ಲ. ಗಿಟಾರ್ ವಾದಕ ಗ್ಯಾರಿ ಮೂರ್ ತಮ್ಮ ಎಸ್‌ಜಿ ಮಾದರಿಯ ಗಿಟಾರನ್ನು ಮಾರಿ, ಬಂದ ಹಣದಲ್ಲೇ ಫ್ಲೀಟ್‌ವುಡ್ ಮ್ಯಾಕ್ ತಂಡದ ಪೀಟರ್ ಗ್ರೀನ್ ಅವರ 1959ರ ಲೆಸ್ ಪಾಲ್ ಗಿಟಾರ್ ಕೊಂಡರು. ಪಿಂಕ್ ಫ್ಲಾಯ್ಡ್ ತಂಡದ ಡೇವಿಡ್ ಗಿಲ್ಮೋರ್ 2019ರಲ್ಲಿ ನೂರಕ್ಕೂ ಹೆಚ್ಚು ಗಿಟಾರ್‌ಗಳನ್ನು ಹರಾಜಿಗಿಟ್ಟರು, ತಮ್ಮ ಹೆಸರಿನೊಂದಿಗೇ ಬೆಸೆದುಕೊಂಡಿದ್ದ ಕಪ್ಪು ಸ್ಟ್ರ್ಯಾಟನ್ನೂ (ಸ್ಟ್ರ್ಯಾಟೊಕಾಸ್ಟರ್) ಉಳಿಸಿಕೊಳ್ಳಲಿಲ್ಲ. ಅವರಿಗಾದರೆ ಬೇಕೆಂದಾಗ ಬೇರೊಂದು ಸಿಗುತ್ತದೆ, ನಮಗೆ ಸಿಗಲಿಕ್ಕಿಲ್ಲ ಎಂಬ ಮಾತು ನಿಜವೇ. ಆದರೂ ವಾದ್ಯವೆಂಬುದು ಕೈಯಿಂದ ಕೈಗೆ ಹೋಗುವ ವಸ್ತು ಎಂಬುದನ್ನು ಅಲ್ಲಗಳೆಯಲಾಗದು.

ಎರಡನೇ ಟ್ರ್ಯಾಕ್:

ಮಾರಬೇಕೋ ಬೇಡವೋ ಎಂಬ ಪ್ರಶ್ನೆಗಿಂತ ಮೊದಲು ಅನುಮಂದ್ರ ಅವರ ಪಟ್ಟಿಯನ್ನೇ ನೋಡೋಣ. ನನ್ನ ಲೆಕ್ಕದಲ್ಲಿ ಆ ಪಟ್ಟಿಯ ಅರ್ಧ ಭಾಗ ಅವರು ಹೇಳಿದ ಕೆಲಸಕ್ಕೆ ಬೇಕಾಗಿಯೇ ಇಲ್ಲ. ಅವರ ಹಾಡು ಎಲ್ಲಿ ನಿಂತುಹೋಗಿದೆ ಎಂಬುದನ್ನು ಅವರೇ ಸ್ಪಷ್ಟವಾಗಿ ಹೇಳಿದ್ದಾರೆ: ಏರಿಳಿತ ಕೆಡದಂತೆ ಮುದ್ರಿಸಲಾಗುತ್ತಿಲ್ಲ, ಪದರ ಸೇರಿಸಲಾಗುತ್ತಿಲ್ಲ. ಈ ಎರಡು ತೊಡಕುಗಳನ್ನು ಬಿಡಿಸಲು ಎರಡು ಇನ್‌ಪುಟ್‌ಗಳ ಒಂದು ಸಾಧಾರಣ ಇಂಟರ್‌ಫೇಸ್, ಒಂದು ಮೈಕ್, ಕಿವಿಯನ್ನು ಪೂರ್ತಿ ಮುಚ್ಚುವ ಒಂದು ಹೆಡ್‌ಫೋನ್ ಸಾಕು.

ಮಾನಿಟರ್ ಸ್ಪೀಕರ್‌ಗಳ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ ಹೊಸಬರ ಹಣ ಹೆಚ್ಚಾಗಿ ಪೋಲಾಗುವುದು ಅಲ್ಲೇ. ಸುಮಾರು 3.4 ಮೀಟರ್ ಉದ್ದದ ಕೋಣೆಯನ್ನು ತೆಗೆದುಕೊಳ್ಳಿ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್ ಆದ್ದರಿಂದ, ಎದುರುಬದುರಾದ ಎರಡು ಗೋಡೆಗಳ ನಡುವೆ 50 ಹರ್ಟ್ಸ್ ಸುತ್ತಮುತ್ತ ಒಂದು ನಿಂತ ಅಲೆ ಏಳುತ್ತದೆ, ಅದರ ದುಪ್ಪಟ್ಟಾದ 100ರಲ್ಲಿ ಇನ್ನೊಂದು, 150ರಲ್ಲಿ ಮತ್ತೊಂದು. ಗಿಟಾರಿನ ದಪ್ಪ ತಂತಿಯ ಶ್ರುತಿ 82 ಹರ್ಟ್ಸ್, ಬಾಸ್ ಗಿಟಾರಿನದು 41. ಅಂದರೆ ನಿಮ್ಮ ಹಾಡಿನ ತಳಪಾಯವೆಲ್ಲ ಕೋಣೆಯೇ ಮೂಗು ತೂರಿಸುವ ಜಾಗದಲ್ಲಿದೆ. ಕುರ್ಚಿಯನ್ನು ಒಂದು ಮಾರು ಹಿಂದಕ್ಕೆ ಸರಿಸಿದರೆ ಬಾಸ್ ಉಬ್ಬುತ್ತದೆ, ಮುಂದಕ್ಕೆ ಸರಿಸಿದರೆ ಮಾಯವಾಗುತ್ತದೆ. ಗೋಡೆಗೆ, ಮೂಲೆಗಳಿಗೆ ಸದ್ದು ಹೀರುವ ದಪ್ಪನೆಯ ರಾಕ್‌ವೂಲ್ ಹಲಗೆಗಳನ್ನು ನಿಲ್ಲಿಸದ ಕೋಣೆಯಲ್ಲಿ ಎಷ್ಟೇ ಒಳ್ಳೆಯ ಸ್ಪೀಕರ್ ಇಟ್ಟರೂ ನೀವು ಕೇಳುವುದು ಆ ಕೋಣೆಯನ್ನೇ ಹೊರತು ನಿಮ್ಮ ಮಿಕ್ಸ್ (ಪದರಗಳನ್ನು ಕೂಡಿಸಿದ ಹಾಡು) ಅನ್ನಲ್ಲ. ಹೆಡ್‌ಫೋನಿಗೆ ಅದರದೇ ದೋಷಗಳಿವೆ, ಎಡಬಲಗಳು ಅತಿಯಾಗಿ ಬೇರ್ಪಟ್ಟು ಕೇಳಿಸುತ್ತವೆ, ಆದರೆ ಕೋಣೆಯ ಕಾಟ ಅದಕ್ಕಿಲ್ಲ. ಅದೂ ಅಲ್ಲದೆ, ಹಾಡುವಾಗ ಸ್ಪೀಕರ್ ಹಾಕಿಕೊಳ್ಳಲಾಗದು. ಮೆಟ್ರೊನೋಮಿನ ಟಿಕ್‌ಟಿಕ್ ಮೈಕಿನೊಳಗೆ ಸೋರುತ್ತದೆ. ಆದ್ದರಿಂದ ಹೆಡ್‌ಫೋನ್ ಹೇಗೂ ಕೊಳ್ಳಲೇಬೇಕು.

ಮಿಡಿ ಕೀಬೋರ್ಡ್ ಸದ್ಯಕ್ಕೆ ಬಿಡಿ. ಕಂಪ್ಯೂಟರಿನ ಕೀಲಿಮಣೆಯಿಂದಲೇ ಸ್ವರ ಹಾಕುವ ಅವಕಾಶ ಹೆಚ್ಚಿನ ರೆಕಾರ್ಡಿಂಗ್ ತಂತ್ರಾಂಶಗಳಲ್ಲಿದೆ.

ಇನ್ನು ಕಂಡೆನ್ಸರ್ ಮೈಕ್. ಅಕೌಸ್ಟಿಕ್ ಗಿಟಾರಿಗೆ ಅದರಷ್ಟು ಸೂಕ್ಷ್ಮವಾದದ್ದು ಬೇರಿಲ್ಲ. ಆದರೆ ಅದೇ ಸೂಕ್ಷ್ಮತೆ ಫ್ಯಾನಿನ ಸದ್ದನ್ನೂ ಪಕ್ಕದ ಮನೆಯ ಮಾತನ್ನೂ ಹಿಡಿದು ತರುತ್ತದೆ. ಮನೆ ಗಲಾಟೆಯದಾಗಿದ್ದರೆ ಅಷ್ಟು ಸೂಕ್ಷ್ಮವಲ್ಲದ ಡೈನಮಿಕ್ ಮೈಕನ್ನು ಬಾಯಿಗೆ ಹತ್ತಿರವಿಟ್ಟು ಹಾಡುವುದೇ ಮೇಲು. ಕಂಡೆನ್ಸರಿಗೆ 48 ವೋಲ್ಟಿನ ಫ್ಯಾಂಟಮ್ ಪವರ್ (ಮೈಕಿನ ಕೇಬಲ್ ಮೂಲಕವೇ ಬರುವ ವಿದ್ಯುತ್) ಬೇಕು. ಈಗಿನ ಇಂಟರ್‌ಫೇಸ್‌ಗಳಲ್ಲಿ ಅದು ಇದ್ದೇ ಇರುತ್ತದೆ, ಆದರೂ ಕೊಳ್ಳುವ ಮುನ್ನ ಒಮ್ಮೆ ನೋಡಿಕೊಳ್ಳಿ.

ಕೊನೆಯದಾಗಿ, ಯಾರೂ ಎತ್ತದ ಒಂದು ಮಾತು. ಮನೆಯಲ್ಲಿ, ಕಂಪ್ಯೂಟರಿನ ಎದುರಿಗೆ ಕೂತು ಮುದ್ರಿಸುವವರಿಗೆ ಹಂಬಕರ್ ಇರುವ ಗಿಟಾರ್ ದೊಡ್ಡ ಅನುಕೂಲ. ಅದರ ಎರಡು ಸುರುಳಿಗಳಲ್ಲಿ ಸುತ್ತಿನ ದಿಕ್ಕೂ ಅಯಸ್ಕಾಂತದ ಧ್ರುವವೂ ಒಂದಕ್ಕೊಂದು ವಿರುದ್ಧವಾಗಿರುವುದರಿಂದ ತಂತಿಯ ಸ್ವರ ಕೂಡಿಕೊಳ್ಳುತ್ತದೆ, ಹೊರಗಿನಿಂದ ನುಗ್ಗುವ ವಿದ್ಯುತ್ತಿನ ಹಮ್ (ಗುಂಯ್‌ಗುಟ್ಟುವ ಸದ್ದು) ಕಳೆದುಹೋಗುತ್ತದೆ. ಸಿಂಗಲ್ ಕಾಯಿಲ್‌ಗೆ ಈ ರಕ್ಷಣೆಯಿಲ್ಲ. ನೀವು ಮಾರಲು ಹೊರಟಿರುವುದು, ರೆಕಾರ್ಡಿಂಗ್ ಶುರುವಾದ ಮೇಲೆ ನಿಮಗೆ ಹೆಚ್ಚು ಬೇಕಾಗಬಹುದಾದ ಗಿಟಾರನ್ನೇ ಆಗಿರಬಹುದು. ಯಾರ ಬಳಿಯಾದರೂ ಒಂದು ಇಂಟರ್‌ಫೇಸ್ ಎರವಲು ತಂದು, ಎರಡು ಎಲೆಕ್ಟ್ರಿಕ್‌ಗಳನ್ನೂ ಮುದ್ರಿಸಿ ನೋಡಿದ ಮೇಲೆಯೇ ತೀರ್ಮಾನಿಸಿ.

ಅನುಮಂದ್ರ:

ಎರಡನೇ ಟ್ರ್ಯಾಕ್ ಅವರಿಗೆ ಬಹಳ ಧನ್ಯವಾದ. ಹಮ್ ವಿಚಾರ ನನ್ನ ತಲೆಗೇ ಬಂದಿರಲಿಲ್ಲ. ಗೆಳೆಯರೊಬ್ಬರ ಇಂಟರ್‌ಫೇಸ್ ಒಂದು ವಾರದ ಮಟ್ಟಿಗೆ ಸಿಗುತ್ತದೆ. ನೋಡಿ ಬರೆಯುತ್ತೇನೆ.

ಒಣಮರ:

ಅದು ಬರುವವರೆಗೆ ನನ್ನದೊಂದು ಸಲಹೆ. ನಾನು ಗಿಟಾರ್ ರಿಪೇರಿ ಮಾಡುವವನು. ಕೇಸಿನೊಳಗೆ ಬಹುಕಾಲ ಕೂತ ವಾದ್ಯವನ್ನು “ನನಗೆ ಒಗ್ಗುತ್ತಿಲ್ಲ” ಎಂದು ತಂದುಕೊಡುವವರು ಅನೇಕರು. ಅವುಗಳಲ್ಲಿ ಎಷ್ಟೋ ಗಿಟಾರ್‌ಗಳ ತೊಂದರೆ ವಾದ್ಯದ ಸ್ವಭಾವದ್ದಲ್ಲ, ಸೆಟಪ್‌ನದು. ಹವೆಯ ತೇವ ಏರಿಳಿದಂತೆ ನೆಕ್ ಹಿಂದಕ್ಕೋ ಮುಂದಕ್ಕೋ ಬಾಗುತ್ತದೆ, ತಂತಿಗಳ ಎತ್ತರ ಬದಲಾಗುತ್ತದೆ, ಬೆರಳಿಗೆ ಕಷ್ಟವೆನಿಸಿ ಕೈ ತಾನಾಗಿಯೇ ಬೇರೆ ಗಿಟಾರಿನತ್ತ ಹೋಗುತ್ತದೆ. ಆಮೇಲೆ ನಾವು ಅದಕ್ಕೆ “ನನ್ನ ಸಂಗೀತಕ್ಕೆ ಹೊಂದುವುದಿಲ್ಲ” ಎಂಬ ಗಂಭೀರವಾದ ಕಾರಣ ಕೊಟ್ಟುಕೊಳ್ಳುತ್ತೇವೆ.

ಪರೀಕ್ಷಿಸುವುದು ಸುಲಭ. ಶ್ರುತಿ ಮಾಡಿದ ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲಿ ಒಂದು ಕೈಯಿಂದ, ನೆಕ್ ಬಾಡಿಗೆ ಸೇರುವ ಕಡೆಯ ಫ್ರೆಟ್‌ನಲ್ಲಿ ಇನ್ನೊಂದು ಕೈಯಿಂದ ಒತ್ತಿ ಹಿಡಿದು, ನಡುವೆ, ಏಳನೆಯ ಫ್ರೆಟ್ ಹತ್ತಿರ, ತಂತಿಗೂ ಫ್ರೆಟ್‌ಗೂ ಎಷ್ಟು ಸಂದಿದೆ ಎಂದು ನೋಡಿ. ಕಾಲು ಮಿಲಿಮೀಟರ್ ಆಸುಪಾಸಿದ್ದರೆ ಚಿಂತೆಯಿಲ್ಲ. ದಪ್ಪ ಕಾರ್ಡು ಸಲೀಸಾಗಿ ತೂರುವಷ್ಟಿದ್ದರೆ ಟ್ರಸ್ ರಾಡ್ (ನೆಕ್ ಒಳಗಿನ ಲೋಹದ ಸರಳು) ಬಿಗಿ ಮಾಡಿಸಬೇಕು. ಸಂದಿಯೇ ಇಲ್ಲದಿದ್ದರೆ ಸಡಿಲಿಸಬೇಕು. ಹೊಸ ತಂತಿ ಹಾಕಿಸಿ, ಸೆಟಪ್ ಮಾಡಿಸಿ, ಕೇಸಿನಿಂದ ಹೊರಗೆ ಸ್ಟ್ಯಾಂಡಿನ ಮೇಲಿಟ್ಟು ಕೆಲವು ವಾರ ನೋಡಿ. ಆಗಲೂ ಕೈ ಅತ್ತ ಹೋಗದಿದ್ದರೆ ನಿಶ್ಚಿಂತೆಯಿಂದ ಮಾರಿ. ಸೆಟಪ್‌ಗೆ ಹಾಕಿದ ದುಡ್ಡು ಎರಡು ಬಗೆಯಲ್ಲೂ ದಂಡವಲ್ಲ, ಏಕೆಂದರೆ ನೋಡಲು ಬಂದವರು ಮೊದಲು ಗಮನಿಸುವುದು ತಂತಿ ಬೆರಳಿಗೆ ಹೇಗೆ ಸಿಗುತ್ತದೆ ಎಂಬುದನ್ನೇ.

ಬಿಡಿತಂತಿ:

ಒಣಮರ ಅವರ ಮಾತಿಗೆ ನನ್ನ ಪೂರ್ಣ ಸಹಮತವಿದೆ.

ಸೆಕೆಂಡ್ ಹ್ಯಾಂಡ್:

ಹಣದ ಲೆಕ್ಕವನ್ನು ಯಾರೂ ಸರಿಯಾಗಿ ಹಾಕಿಲ್ಲ. ಸೆಮಿ-ಹಾಲೋವನ್ನು ನೀವು ಹೊಸದಾಗಿ ಕೊಂಡಿರೋ ಅಥವಾ ಒಬ್ಬರ ಕೈ ದಾಟಿದ ಮೇಲೆ ಕೊಂಡಿರೋ? ಕಾರ್ಖಾನೆಯಲ್ಲಿ ತಯಾರಾದ ಗಿಟಾರಿನ ಬೆಲೆಯಲ್ಲಿ ದೊಡ್ಡ ಇಳಿತ ಆಗುವುದು ಮೊದಲ ಕೈ ಬದಲಾದಾಗ. ಆಮೇಲೆ ಅದು ಬಹಳ ನಿಧಾನ. ಮೊದಲ ಕೈ ನಿಮ್ಮದಾಗಿದ್ದರೆ ಆ ನಷ್ಟವನ್ನು ಈಗ ನೀವೇ ಹೊರಬೇಕು. ಎರಡನೆಯ ಕೈಯಾಗಿದ್ದರೆ ಕೊಟ್ಟಷ್ಟಕ್ಕೆ ಸಮೀಪದ ಬೆಲೆ ಬರಬಹುದು. ಅದೇ ತರ್ಕವನ್ನು ಕೊಳ್ಳುವಾಗಲೂ ಹೂಡಿ. ಗಿಟಾರನ್ನು ಬಳಸಿದ್ದರ ಬೆಲೆಗೆ ಮಾರಿ ಸಲಕರಣೆಯನ್ನು ಹೊಸದರ ಬೆಲೆಗೆ ಕೊಂಡರೆ ಎರಡು ಕಡೆಯೂ ಪೆಟ್ಟು. ಡೈನಮಿಕ್ ಮೈಕ್, ಮೈಕ್ ಸ್ಟ್ಯಾಂಡ್, ಕೇಬಲ್ಲುಗಳನ್ನು ಕಣ್ಣು ಮುಚ್ಚಿಕೊಂಡು ಸೆಕೆಂಡ್ ಹ್ಯಾಂಡ್ ಕೊಳ್ಳಬಹುದು. ಕಂಡೆನ್ಸರ್ ಮೈಕನ್ನು ಜೋಡಿಸಿ, ಹೆಡ್‌ಫೋನಿನಲ್ಲಿ ಕೇಳಿ ಕೊಳ್ಳಬೇಕು, ಏಕೆಂದರೆ ತೇವ ತಗುಲಿದ ಕ್ಯಾಪ್ಸೂಲ್ ಚಟಪಟ ಸದ್ದು ಮಾಡುತ್ತದೆ. ಇಂಟರ್‌ಫೇಸ್ ಹಳೆಯದಾದರೆ ನಿಮ್ಮ ಕಂಪ್ಯೂಟರಿಗೆ ಅದರ ಡ್ರೈವರ್ ಇದೆಯೇ ಎಂದು ಮೊದಲು ಖಾತ್ರಿ ಮಾಡಿಕೊಳ್ಳಿ. ಹೆಡ್‌ಫೋನ್ ಮಾತ್ರ ಹೊಸದೇ ಇರಲಿ, ಬೇರೆಯವರ ಬೆವರು ಕುಡಿದ ಕುಶನ್ ಯಾರಿಗೂ ಬೇಡ.

ಬೆಲೆ ನಿಗದಿ ಮಾಡುವಾಗ ಜಾಹೀರಾತಿನಲ್ಲಿ ಜನ ಕೇಳುತ್ತಿರುವ ಬೆಲೆಯನ್ನು ನಂಬಬೇಡಿ. ನಿಜವಾಗಿ ಮಾರಾಟವಾದ ಬೆಲೆ ಎಷ್ಟೆಂದು ನೋಡಿ. ತಿಂಗಳುಗಟ್ಟಲೆ ಹಾಗೇ ಉಳಿದಿರುವ ಜಾಹೀರಾತು ನಿಮಗೆ ಹೇಳುವುದು ಒಂದನ್ನೇ: ಆ ಬೆಲೆಗೆ ಅದು ಹೋಗುವುದಿಲ್ಲ. ಅಂಗಡಿಗೆ ಕೊಟ್ಟರೆ ಬೇಗ ಕೈತೊಳೆದುಕೊಳ್ಳಬಹುದು, ಆದರೆ ಅವರ ಬಾಡಿಗೆ, ಲಾಭ ಎಲ್ಲವೂ ನಿಮ್ಮ ಪಾಲಿನಿಂದಲೇ ಹೋಗುತ್ತವೆ.

ಅನುಮಂದ್ರ:

ಎರಡನೆಯ ಕೈ ನನ್ನದು. ಆ ಮಟ್ಟಿಗೆ ಸಮಾಧಾನ.

ಒಣಮರ ಅವರು ಹೇಳಿದಂತೆ ನೋಡಿದೆ. ನೆಕ್ ಸರಿಯಾಗಿಯೇ ಇದೆ, ತಂತಿ ಬೆರಳಿಗೆ ಹಿತವಾಗಿಯೇ ಸಿಗುತ್ತದೆ. ಹೊಸ ತಂತಿ ಹಾಕಿ ಹೊರಗಿಟ್ಟೂ ಆಯಿತು. ಕೈ ಹೋಗಲಿಲ್ಲ ಎಂದರೆ ಸುಳ್ಳಾಗುತ್ತದೆ, ಹೊಸ ತಂತಿಯ ಆಸೆಗೆ ಮೊದಮೊದಲು ಹೋಯಿತು, ಆಮೇಲೆ ಮತ್ತೆ ಸ್ಟ್ರ್ಯಾಟ್‌ಗೇ ಮರಳಿತು.

ಈಗ ಇಂಟರ್‌ಫೇಸಿನ ಪರೀಕ್ಷೆ. ಸ್ಟ್ರ್ಯಾಟನ್ನು ಹಿಡಿದು ಕಂಪ್ಯೂಟರ್ ತೆರೆಯ ನೇರ ಎದುರಿಗೆ ಕೂತಾಗ ಹಮ್ ಜೋರಾಗಿಯೇ ಇತ್ತು. ಸ್ವರ ನಿಂತ ಕೂಡಲೇ ದುಂಬಿ ಹೊಕ್ಕಂತೆ ಗುಂಯ್‌ಗುಟ್ಟುತ್ತಿತ್ತು. ಪಿಕಪ್ ಆರಿಸುವ ಐದು ಸ್ಥಾನಗಳ ಸ್ವಿಚ್ಚನ್ನು ಒಂದೊಂದಾಗಿ ಬದಲಿಸುತ್ತಾ ಹೋದೆ. ಒಂದು, ಮೂರು, ಐದರಲ್ಲಿ ಹಮ್ ಇದೆ, ಎರಡು ಮತ್ತು ನಾಲ್ಕರಲ್ಲಿ ಹೆಚ್ಚುಕಡಿಮೆ ಇಲ್ಲ. ಇನ್ನೊಂದು ವಿಚಿತ್ರವೆಂದರೆ, ಕುರ್ಚಿಯನ್ನು ಕಾಲು ಸುತ್ತು ತಿರುಗಿಸಿ ತೆರೆಗೆ ಪಕ್ಕೆ ಕೊಟ್ಟು ಕೂತರೆ ಮಿಕ್ಕ ಸ್ಥಾನಗಳಲ್ಲೂ ಬಹುಪಾಲು ಅಡಗುತ್ತದೆ. ಸೆಮಿ-ಹಾಲೋದಲ್ಲಿ ಎಲ್ಲಿ ಕೂತರೂ ಮೌನ.

ಆದರೆ ಹೊಸದೊಂದು ಸಂದಿಗ್ಧ ಹುಟ್ಟಿಕೊಂಡಿದೆ. ಹಾಡುಗಳಲ್ಲಿ ವಿಳಂಬ ಗತಿಯ ಒಂದಿದೆ. ಅದರ ಮಧ್ಯದ ಭಾಗವನ್ನು ಸೆಮಿ-ಹಾಲೋದ ನೆಕ್ ಪಿಕಪ್‌ನಲ್ಲಿ ನುಡಿಸಿ ಮುದ್ರಿಸಿದಾಗ ದನಿಯ ಕೆಳಗೆ ಎಷ್ಟು ಮೃದುವಾಗಿ ಕೂತಿತೆಂದರೆ, ಸ್ಟ್ರ್ಯಾಟ್‌ನಲ್ಲಿ ಎಷ್ಟು ಪ್ರಯತ್ನಿಸಿದರೂ ಅದು ಬರುತ್ತಿಲ್ಲ. ಉಳಿದ ಹಾಡುಗಳಿಗೆಲ್ಲ ಸ್ಟ್ರ್ಯಾಟೇ ಸರಿ. ಒಂದು ಹಾಡಿಗಾಗಿ ಇಟ್ಟುಕೊಳ್ಳಬೇಕೇ?

ಬಿಡಿತಂತಿ:

ನಾನು ಹೇಳಿದ್ದೂ ಇದನ್ನೇ. ಇಂದು ಒಂದು ಹಾಡು, ಮುಂದೆ ಇನ್ನೆಷ್ಟೋ. ರೆಕಾರ್ಡಿಂಗ್ ಶುರುವಾದ ಮೇಲೆ ಬಣ್ಣಗಳ ಬೆಲೆ ಗೊತ್ತಾಗುತ್ತದೆ. ಒಂದೇ ಗಿಟಾರಿನ ಮೂರು ಪದರಗಳು ಒಂದರ ಮೇಲೊಂದು ಬಿದ್ದು ರಾಡಿಯಾಗುತ್ತವೆ. ಬೇರೆ ಬೇರೆ ಗಿಟಾರಿನ ಪದರಗಳು ತಾವಾಗಿಯೇ ಜಾಗ ಮಾಡಿಕೊಳ್ಳುತ್ತವೆ.

ಎರಡನೇ ಟ್ರ್ಯಾಕ್:

ಬಿಡಿತಂತಿಯವರು ಪದರಗಳ ಬಗ್ಗೆ ಹೇಳಿದ್ದು ಸತ್ಯ, ಅದನ್ನು ಒಪ್ಪುತ್ತೇನೆ. ಆದರೆ ಅನುಮಂದ್ರ ಅವರ ಬಳಿ ಮಾರಿದ ಮೇಲೂ ಅಕೌಸ್ಟಿಕ್ ಒಂದು, ಎಲೆಕ್ಟ್ರಿಕ್ ಒಂದು ಉಳಿಯುತ್ತವೆ. ಅವೆರಡರ ದನಿಗಳು ಒಂದನ್ನೊಂದು ತುಳಿಯುವಂಥವಲ್ಲ.

ಸ್ಟ್ರ್ಯಾಟ್‌ನ ಎರಡನೆಯ ಮತ್ತು ನಾಲ್ಕನೆಯ ಸ್ಥಾನಗಳಲ್ಲಿ ಹಮ್ ಹೋಗಿದ್ದಕ್ಕೆ ಕಾರಣ ಇಷ್ಟೆ: ನಿಮ್ಮ ಗಿಟಾರಿನ ನಡುವಿನ ಪಿಕಪ್‌ನ ಸುತ್ತೂ ಧ್ರುವವೂ ಉಳಿದೆರಡಕ್ಕೆ ವಿರುದ್ಧವಾಗಿವೆ, ಆದ್ದರಿಂದ ಅದು ಪಕ್ಕದ ಪಿಕಪ್‌ನೊಂದಿಗೆ ಸೇರಿದಾಗ ಹಂಬಕರಿನಂತೆ ವರ್ತಿಸುತ್ತದೆ. ಅದೇ ಕುರ್ಚಿ ತಿರುಗಿಸುವ ಉಪಾಯವನ್ನೂ ಸೇರಿಸಿದರೆ, ಹಮ್ ಕಾರಣಕ್ಕಾಗಿ ಸೆಮಿ-ಹಾಲೋ ಉಳಿಸಿಕೊಳ್ಳಬೇಕೆಂದು ನಾನೇ ಎತ್ತಿದ ಆಕ್ಷೇಪ ನಿಮ್ಮ ಮಟ್ಟಿಗೆ ಬಿದ್ದುಹೋಯಿತು.

ಇನ್ನು ಆ ಒಂದು ಹಾಡು. ಎರವಲು ತಂದ ಇಂಟರ್‌ಫೇಸ್ ಇನ್ನೂ ನಿಮ್ಮ ಬಳಿಯೇ ಇದೆಯಲ್ಲವೇ? ಹಾಗಿದ್ದರೆ ಗಿಟಾರ್ ಮಾರುವ ಮೊದಲೇ ಆ ಭಾಗವನ್ನು ಪೂರ್ತಿಯಾಗಿ ನುಡಿಸಿ ಮುದ್ರಿಸಿಟ್ಟುಕೊಳ್ಳಿ. ಹಾಡಿನ ಉಳಿದ ಪದರಗಳು ಸಿದ್ಧವಾಗಿರಬೇಕೆಂದಿಲ್ಲ. ಮೆಟ್ರೊನೋಮ್ ಹಾಕಿಕೊಂಡು, ಗತಿಯೆಷ್ಟೆಂದು ಕಡತದ ಹೆಸರಿನಲ್ಲೇ ಬರೆದಿಟ್ಟುಕೊಂಡರೆ ಮಿಕ್ಕದ್ದನ್ನು ಯಾವಾಗ ಬೇಕಾದರೂ ಅದರ ಮೇಲೆ ಕಟ್ಟಬಹುದು. ಗಿಟಾರನ್ನು ನೇರವಾಗಿ, ಇಂಟರ್‌ಫೇಸ್‌ನಲ್ಲಿ ಇನ್‌ಸ್ಟ್ರುಮೆಂಟ್ ಎಂದು ಗುರುತಿಸಿರುವ ಇನ್‌ಪುಟ್‌ಗೇ ಕೊಡಿ. ಅದರ ಇಂಪೆಡೆನ್ಸ್ (ಸಂಕೇತಕ್ಕೆ ಒಡ್ಡುವ ತಡೆ) ಸುಮಾರು 1 ಮೆಗಾಓಮ್ ಇರುತ್ತದೆ. ಇಂಪೆಡೆನ್ಸ್ ಕಡಿಮೆಯಿರುವ ಲೈನ್ ಇನ್‌ಪುಟ್‌ಗೆ ಕೊಟ್ಟರೆ ಅದು ಪಿಕಪ್ ಮೇಲೆ ಭಾರ ಹೇರಿ ಮೇಲಿನ ಸ್ವರಗಳ ಹೊಳಪನ್ನು ತಿಂದುಹಾಕುತ್ತದೆ. ಯಾವ ಎಫೆಕ್ಟೂ ಬೇಡ, ಆಂಪ್ (ಆಂಪ್ಲಿಫೈಯರ್) ಕೂಡ ಬೇಡ. 24 ಬಿಟ್‌ನಲ್ಲಿ, ಅತಿ ಜೋರಾದ ಪೆಟ್ಟೂ ಮೈನಸ್ 12 ಡೆಸಿಬಲ್ (ಸೊನ್ನೆಯೆಂದರೆ ಗರಿಷ್ಠ ಮಿತಿ) ದಾಟದಂತೆ ಮುದ್ರಿಸಿ. ಅಷ್ಟು ತಗ್ಗಿನಲ್ಲಿ ಮುದ್ರಿಸಿದರೂ 24 ಬಿಟ್‌ನಲ್ಲಿ ಹಿನ್ನೆಲೆಯ ಸದ್ದು ತೊಂದರೆ ಕೊಡುವುದಿಲ್ಲ. ಈ ಶುದ್ಧ ಕಡತವನ್ನು ಮುಂದೆ ಆಂಪ್ ದನಿಯನ್ನು ಅನುಕರಿಸುವ ಯಾವ ತಂತ್ರಾಂಶದ ಮೂಲಕವಾದರೂ ಹಾಯಿಸಬಹುದು. ನ್ಯೂರಲ್ ಆಂಪ್ ಮಾಡೆಲರ್‌ನಂಥ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ. ಆ ಹಾಡಿಗೆ ಬೇಕಾದದ್ದು ಆ ನಾದ. ಅದು ಕಡತದಲ್ಲಿ ಉಳಿಯುತ್ತದೆ.

ಒಂದು ಸೂಚನೆ. ಹೆಡ್‌ಫೋನಿನಲ್ಲಿ ನಿಮ್ಮ ನುಡಿತ ನಿಮಗೇ ತಡವಾಗಿ ಕೇಳಿಸಿದರೆ ಬಫರ್ (ಕಂಪ್ಯೂಟರ್ ಒಮ್ಮೆಗೆ ಕೂಡಿಟ್ಟು ಕಳಿಸುವ ಸ್ಯಾಂಪಲ್‌ಗಳ ಸಂಖ್ಯೆ) ಇಳಿಸಿ. 48 ಕಿಲೋಹರ್ಟ್ಸ್‌ನಲ್ಲಿ 256 ಸ್ಯಾಂಪಲ್ ಎಂದರೆ ಸುಮಾರು 5.3 ಮಿಲಿಸೆಕೆಂಡ್, ಒಳಬರುವಾಗ ಒಮ್ಮೆ, ಹೊರಹೋಗುವಾಗ ಮತ್ತೊಮ್ಮೆ. ಒಟ್ಟು ತಡ ಆಂಪ್‌ನಿಂದ ಮೂರೂವರೆ ಮೀಟರ್ ದೂರ ನಿಂತು ನುಡಿಸಿದಷ್ಟಾಗುತ್ತದೆ. ಕೆಲವರಿಗೆ ಅದು ಗೊತ್ತೇ ಆಗುವುದಿಲ್ಲ, ಕೆಲವರ ತಾಳ ಅಷ್ಟಕ್ಕೇ ಜಾರುತ್ತದೆ.

ಕಾಪೋ ಮೂರು:

ಇದು ಒಳ್ಳೆಯ ಉಪಾಯ. ಇನ್ನೊಂದನ್ನು ಸೇರಿಸುತ್ತೇನೆ. ಪಟ್ಟಿ ಇಂಟರ್‌ಫೇಸ್, ಮೈಕ್, ಹೆಡ್‌ಫೋನಿಗೆ ಇಳಿದ ಮೇಲೆ ಬೇಕಾದ ಹಣವೂ ಇಳಿದಿದೆ. ಬಳಸದ ಎಫೆಕ್ಟ್ ಪೆಡಲ್‌ಗಳೋ ಹಳೆಯ ಆಂಪೋ ಬಿದ್ದಿದ್ದರೆ ಮೊದಲು ಅವುಗಳನ್ನು ಕೊಟ್ಟು ನೋಡಬಹುದಲ್ಲವೇ? ಗಿಟಾರಿಗೆ ಕೈ ಹಾಕದೆಯೇ ಕೆಲಸವಾದರೆ ಬಿಡಿತಂತಿಯವರಿಗೂ ಸಂತೋಷ.

ಅನುಮಂದ್ರ:

ಪೆಡಲ್‌ಗಳು ಎರಡೇ, ಎರಡೂ ಬಳಕೆಯಲ್ಲಿವೆ. ಮಾರುವಂಥದ್ದು ಬೇರೇನೂ ಇಲ್ಲ.

ಆ ಭಾಗವನ್ನು ಮುದ್ರಿಸಿದ್ದಾಯಿತು. ನೆಕ್ ಪಿಕಪ್, ಬ್ರಿಜ್ ಪಿಕಪ್, ಎರಡೂ ಸೇರಿಸಿ ಹೀಗೆ ಮೂರು ಬಗೆಯಲ್ಲೂ ನುಡಿಸಿಟ್ಟುಕೊಂಡಿದ್ದೇನೆ. ಸಾಕಷ್ಟು ಯೋಚಿಸಿ, ಮಾರುವುದೆಂದೇ ತೀರ್ಮಾನಿಸಿದ್ದೇನೆ. ಇಲ್ಲಿನ ಚರ್ಚೆಯಿಂದ ನನಗೆ ಸ್ಪಷ್ಟವಾದ ಒಂದು ವಿಷಯವೆಂದರೆ, ಬಂದ ಹಣದಲ್ಲಿ ಅರ್ಧಕ್ಕಿಂತ ಕಡಿಮೆ ಮಾತ್ರ ಖರ್ಚಾಗುತ್ತದೆ. ಉಳಿದದ್ದನ್ನು ಹಾಗೇ ಎತ್ತಿಟ್ಟುಕೊಂಡರೆ, ಮುಂದೆಂದಾದರೂ ಮತ್ತೊಂದು ಹಂಬಕರ್ ಗಿಟಾರ್ ಬೇಕೆನಿಸಿದಾಗ ಸರಳವಾದ ಒಂದನ್ನು ಕೊಳ್ಳಲು ಅದೇ ಸಾಕಾಗಬಹುದು. ಮಾರುವಾಗ ಗಮನಿಸಬೇಕಾದದ್ದನ್ನು ತಿಳಿದವರು ದಯವಿಟ್ಟು ಹೇಳಿ. ಕೊಳ್ಳುವವರು ದೂರದವರಾದರೆ ಕಳಿಸುವುದು ಹೇಗೆ ಎಂಬುದೇ ನನ್ನ ದೊಡ್ಡ ಚಿಂತೆ.

ಸೆಕೆಂಡ್ ಹ್ಯಾಂಡ್:

ಫೋಟೊಗಳನ್ನು ಕಿಟಕಿಯ ಬೆಳಕಿನಲ್ಲಿ ತೆಗೆಯಿರಿ, ಫ್ಲ್ಯಾಶ್ ಬೇಡ. ಹೆಡ್‌ಸ್ಟಾಕ್‌ನ (ತಂತಿ ಬಿಗಿಯುವ ತುದಿ) ಹಿಂಭಾಗ, ನೆಕ್ ಸೇರುವ ಜಾಗ, ಮೊದಲ ಐದು ಫ್ರೆಟ್‌ಗಳ ಹತ್ತಿರದ ನೋಟ, ಪ್ರತಿಯೊಂದು ಗೀರು, ಎಲ್ಲವೂ ಇರಲಿ. ಮುಚ್ಚಿಟ್ಟ ಗೀರು ಮನೆಗೆ ಬಂದ ಮೇಲೆ ಚೌಕಾಸಿಗೆ ದಾರಿಯಾಗುತ್ತದೆ, ತೋರಿಸಿದ ಗೀರಿನ ಬಗ್ಗೆ ಯಾರೂ ಮಾತೆತ್ತುವುದಿಲ್ಲ. ಪಿಕಪ್ ಬದಲಾಯಿಸಿದ್ದರೆ ಹಳೆಯದನ್ನು ಮತ್ತೆ ಹಾಕಿ, ಹೊಸದನ್ನು ಬೇರೆಯಾಗಿ ಮಾರಿ. ಬದಲಾವಣೆಗೆ ಹಾಕಿದ ಹಣ ಗಿಟಾರಿನ ಬೆಲೆಯಲ್ಲಿ ಎಂದೂ ಮರಳುವುದಿಲ್ಲ. ಕೇಳಿದ್ದಕ್ಕಿಂತ ಹೆಚ್ಚು ಹಣ ಕಳಿಸುತ್ತೇನೆ, ಮಿಕ್ಕದ್ದನ್ನು ಹಿಂದಿರುಗಿಸಿ ಎನ್ನುವವರೊಂದಿಗೆ ಮಾತನ್ನೇ ಮುಂದುವರಿಸಬೇಡಿ.

ಒಣಮರ:

ಕಳಿಸುವುದಾದರೆ ಹೆಡ್‌ಸ್ಟಾಕ್ ಬಗ್ಗೆ ಎಚ್ಚರ. ಈ ಮಾದರಿಯ ಗಿಟಾರ್‌ಗಳಲ್ಲಿ ಹೆಡ್‌ಸ್ಟಾಕ್ ಹಿಂದಕ್ಕೆ ಬಾಗಿರುತ್ತದೆ, ನಟ್‌ನ (ಹೆಡ್‌ಸ್ಟಾಕ್ ಬುಡದಲ್ಲಿ ತಂತಿ ಕೂರುವ ಪಟ್ಟಿ) ಹಿಂದೆ ಟ್ರಸ್ ರಾಡ್‌ಗಾಗಿ ಮರ ಕೊರೆದು ತೆಳುವಾಗಿರುತ್ತದೆ. ಕೇಸ್ ಬೆನ್ನಡಿಯಾಗಿ ಬಿದ್ದರೆ ಮುರಿಯುವುದು ಅಲ್ಲೇ. ತಂತಿಗಳು ಪೂರ್ತಿ ಶ್ರುತಿಯಲ್ಲಿದ್ದಾಗ ಆರೂ ಸೇರಿ ಸುಮಾರು 45 ಕಿಲೋದಷ್ಟು ಎಳೆಯುತ್ತಿರುತ್ತವೆ. ಆದ್ದರಿಂದ ಒಂದೆರಡು ಸ್ವರ ಕೆಳಗಿಳಿಸಿ, ಆದರೆ ತೀರ ಸಡಿಲ ಬಿಡಬೇಡಿ. ಕೇಸಿನೊಳಗೆ ಹೆಡ್‌ಸ್ಟಾಕ್‌ನ ಕೆಳಗೂ ಇಕ್ಕೆಲಗಳಲ್ಲೂ ಬಟ್ಟೆ ತುಂಬಿ, ಅದು ಅಲ್ಲಾಡದಂತೆ ಮಾಡಿ. ಕೇಸನ್ನು ಅಲುಗಿಸಿದಾಗ ಒಳಗೆ ಏನೂ ಸದ್ದು ಬರಬಾರದು. ಆಮೇಲೆ ಕೇಸನ್ನು ಇನ್ನೊಂದು ಗಟ್ಟಿ ರಟ್ಟಿನ ಪೆಟ್ಟಿಗೆಯೊಳಗಿಡಿ.

ಕೊಳ್ಳುವವರು ಬೇರೆ ದೇಶದವರಾದರೆ ಫಿಂಗರ್‌ಬೋರ್ಡಿನ ಮರ ಯಾವುದೆಂದು ನೋಡಿಕೊಳ್ಳಿ. ರೋಸ್‌ವುಡ್ ಇರುವ ವಾದ್ಯಗಳಿಗೆ 2017ರ ಜನವರಿಯಿಂದ ಸೈಟಿಸ್ ಒಪ್ಪಂದದ (ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಒಪ್ಪಂದ) ಅನುಮತಿಪತ್ರ ಬೇಕಾಗಿತ್ತು. 2019ರ ನವೆಂಬರ್‌ನಿಂದ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದೆ. ಬ್ರೆಜಿಲ್‌ನ ರೋಸ್‌ವುಡ್‌ಗೆ ಮಾತ್ರ ಆ ವಿನಾಯಿತಿ ಅನ್ವಯಿಸುವುದಿಲ್ಲ, 1992ರಿಂದಲೂ ಅದು ಕಟ್ಟುನಿಟ್ಟಾದ ಮೊದಲ ಅನುಬಂಧದಲ್ಲಿದೆ. ನಿಮ್ಮದು ಆ ಮರದ್ದಾಗಿರುವ ಸಂಭವ ಬಹಳ ಕಡಿಮೆ.

ಅನುಮಂದ್ರ:

ಜಾಹೀರಾತು ಹಾಕಿದೆ. ಬಂದ ಮೊದಲ ಕರೆಯಲ್ಲೇ ಒಬ್ಬರು ತಮ್ಮ 15 ವ್ಯಾಟ್‌ನ ವಾಲ್ವ್ ಆಂಪನ್ನೂ ಅದರ ಮೇಲೆ ಸ್ವಲ್ಪ ಹಣವನ್ನೂ ಕೊಡುತ್ತೇನೆ ಎಂದಿದ್ದಾರೆ. ಆಂಪ್ ಒಳ್ಳೆಯದೇ. ಮನಸ್ಸು ಸ್ವಲ್ಪ ಆಡುತ್ತಿದೆ.

ಎರಡನೇ ಟ್ರ್ಯಾಕ್:

ಒಪ್ಪಬೇಡಿ. 15 ವ್ಯಾಟ್‌ನ ವಾಲ್ವ್ ಆಂಪ್ ಅದರ ನಿಜವಾದ ದನಿ ಬರುವಷ್ಟು ಏರಿಸಿದರೆ ಮನೆಯೊಳಗೆ ಸಹಿಸಲಾಗದು, ಏರಿಸದಿದ್ದರೆ ಅದನ್ನು ಕೊಂಡೂ ಫಲವಿಲ್ಲ. ಅದನ್ನು ಮುದ್ರಿಸಬೇಕೆಂದರೂ ಮತ್ತೆ ಅದೇ ಇಂಟರ್‌ಫೇಸ್, ಅದೇ ಮೈಕ್ ಬೇಕು. ಅವರು ಮೇಲೆ ಕೊಡುವ ಹಣ ಆ ಎರಡಕ್ಕೂ ಹೆಡ್‌ಫೋನಿಗೂ ಸೇರಿ ಸಾಕಾಗುವಷ್ಟಿದ್ದರೆ ಮಾತ್ರ ಎರಡನೆಯ ಸಲ ಯೋಚಿಸಿ.

ಬಿಡಿತಂತಿ:

ಮಾರಲೇಬೇಕೆಂದಿದ್ದರೆ ಹಣಕ್ಕೇ ಮಾರಿ, ಈ ವಿಷಯದಲ್ಲಿ ನನ್ನದೂ ಅದೇ ಅಭಿಪ್ರಾಯ. ಮತ್ತು ಹಣ ಕೈಗೆ ಬರುವವರೆಗೆ ಯಾವ ಮೈಕನ್ನೂ ಆರ್ಡರ್ ಮಾಡಬೇಡಿ. ಮೊದಲೇ ಖರ್ಚು ಮಾಡಿ ಕೂತವರು ಬಂದ ಬೆಲೆಗೆ ತಲೆಯಾಡಿಸುತ್ತಾರೆ.

ಅನುಮಂದ್ರ:

ಅವರು ಕೊಡುತ್ತೇನೆಂದ ಹಣ ಮೈಕ್ ಒಂದಕ್ಕೇ ಸಾಲುವುದಿಲ್ಲ, ಆದ್ದರಿಂದ ಬೇಡವೆಂದು ತಿಳಿಸಿದ್ದೇನೆ. ಊರಿನವರೇ ಆದ ಇನ್ನೊಬ್ಬರು ವಾರಾಂತ್ಯದಲ್ಲಿ ನೋಡಲು ಬರುತ್ತಾರಂತೆ. ಗಿಟಾರನ್ನು ಕಳಿಸುವ ಪ್ರಮೇಯವೇ ಬರಲಿಕ್ಕಿಲ್ಲ. ಗೆಳೆಯರ ಇಂಟರ್‌ಫೇಸನ್ನು ಇನ್ನೂ ಕೆಲವು ದಿನ ಇಟ್ಟುಕೊಳ್ಳಲು ಕೇಳಿದ್ದೇನೆ, ಬರುವವರು ಪ್ಲಗ್ ಹಾಕಿ ಎರಡು ಪಿಕಪ್‌ಗಳನ್ನೂ ಕೇಳಿ ನೋಡಲಿ ಎಂದು.